ಚಿರ್ಚೆಯೊ ಕೆರೆಯ ಸಿಹಿನೀರು

"ಮೊದಲನೇ ದಿನ ಕುಡಿಯೋ ನೀರು ಎಲ್ಲಿ ತುಂಬಿಸ್ಕೋಬೇಕ್ರಿ, ಹವಾಲ್ದಾರ್ರ?"

ಮಹಾಂತಮ್ಮ ಕೆಂಪು ಪೆನ್ಸಿಲ್ಲನ್ನು ನಕಾಶೆಯಿಂದ ಎತ್ತದೆಯೇ ಕೇಳಿದಳು. ಪಡಸಾಲೆಯ ಜಮಖಾನದ ಮೇಲೆ ಇಟಲಿಯ ಸಮುದ್ರತೀರ ಹಾಸಿಕೊಂಡಿತ್ತು. ಗಾಳಿಗೆ ಮಡಚಿಕೊಳ್ಳದಿರಲೆಂದು ನಾಲ್ಕು ಮೂಲೆಗೂ ನಾಲ್ಕು ಹಿತ್ತಾಳೆ ಲೋಟ ಇಟ್ಟಿದ್ದರು.

"ನೀರಿನ ಚಿಂತಿ ಯಾಕ್ರಿ ಅಮ್ಮಾರ?" ಜಂಬಪ್ಪ ಮೀಸೆಯ ತುದಿ ಹುರಿ ಮಾಡಿದ. "ಮರಳದಿಬ್ಬದ ಮಗ್ಗಲದಾಗ ಕೆರಿ ಐತಲ್ರಿ, ಪಾವೊಲಾ ಕೆರಿ. ಎಷ್ಟು ಸಲ ಬೊಗಸಿಲೆ ಎತ್ತಿ ಕುಡಿದೀನಿ. ಕಲ್ಲುಸಕ್ರಿ ಕಲಸಿದಂಗ ಇರತೈತಿ."

"ಕೇಳಿದೇನವ್ವಾ! ಕಲ್ಲುಸಕ್ರಿ!" ಮರಿಬಸಪ್ಪ ತೊಡೆ ತಟ್ಟಿಕೊಂಡ. "ನಮ್ಮ ಆದವಾನಿ ಮಂದಿ ಎರಡು ಕೊಡ ನೀರಿಗೆ ಬಡದಾಡ್ತಾರ. ಅಲ್ಲಿ ಸಮುದ್ರದ ಮಗ್ಗಲದಾಗ ಸಿಹಿನೀರು! ಬರಕೋ, ಬರಕೋ."

ಮಹಾಂತಮ್ಮ ನೋಟುಪುಸ್ತಕದಲ್ಲಿ ಬರೆದುಕೊಂಡಳು. ಮೊದಲನೆಯ ದಿನ. ಮರಳದಿಬ್ಬ, ಕೆರೆಯ ದಂಡೆ. ಏಳು ಮೈಲಿ. ನೀರು: ಕೆರೆ.

ಹನ್ನೆರಡು ವರ್ಷದ ಹಿಂದೆ 'ಇಟಲಿಯಲ್ಲಿ ಕಾಣೆಯಾಗಿದ್ದಾರೆ' ಎಂದು ಮಿಲಿಟರಿಯವರು ತಂತಿ ಕಳಿಸಿದ್ದ ಗಂಡ ಗಾದಿಲಿಂಗಪ್ಪ ಅಲ್ಲಿ ಬದುಕಿದ್ದಾನೆ ಎಂದು ಈ ಜಂಬಪ್ಪ ಬಂದು ಹೇಳಿ ಇವತ್ತಿಗೆ ಇಪ್ಪತ್ತೆರಡು ದಿನ. ಅವತ್ತಿನಿಂದ ಅವಳಿಗೆ ನಿದ್ದೆಯೂ ಇಲ್ಲ, ಆಯಾಸವೂ ಇಲ್ಲ. ಹೆಣ್ಣುಮಕ್ಕಳ ಶಾಲೆಯಲ್ಲಿ ಆಂಧ್ರದ ನದಿಗಳ ಪಾಠ ಮಾಡುತ್ತ ನಿಂತವಳು ಎರಡು ಸಲ ಬಾಯಿತಪ್ಪಿ ತುಂಗಭದ್ರೆಯನ್ನು ಇಟಲಿಯ ಸಮುದ್ರಕ್ಕೆ ಸೇರಿಸಿಬಿಟ್ಟಿದ್ದಳು.

ಜಂಬಪ್ಪನ ಮಾತು ಕೇಳಿದ ಮೇಲೆಯೇ ಗಂಡನ ಅಣ್ಣ ಮರಿಬಸಪ್ಪ ಭಾವ ಹತ್ತಿಯ ಜಿನ್ನಿಗೆ ಹೊಸ ಯಂತ್ರ ನೋಡುವ ನೆಪ ಮಾಡಿಕೊಂಡು ನೇಪಲ್ಸಿಗೆ ಹೊರಟಿದ್ದ. ಯಂತ್ರ ನಡೆಸಿ ತೋರಿಸಲು ಅಲ್ಲಿಯವರಿಗೆ ಒಂದು ವಾರ ಬೇಕು. ಅದರಲ್ಲಿ ನಾಲ್ಕು ದಿನ ಬಿಡುವು. ಆ ನಾಲ್ಕು ದಿನದಲ್ಲಿ ಚಿರ್ಚೆಯೊ ಎಂಬ ಜಾಗವನ್ನು ಕಾಲ್ನಡಿಗೆಯಲ್ಲಿ ಜಾಲಾಡಬೇಕು. ಅಲ್ಲಿನ ಸರ್ಕಾರ ಇಪ್ಪತ್ತೆರಡು ವರ್ಷದ ಹಿಂದೆಯೇ ಒಂದು ಗುಡ್ಡ, ಒಂದು ಕಾಡು, ಸಾಲಾಗಿ ನಾಲ್ಕು ಕೆರೆ, ಉದ್ದಾನುದ್ದ ಮರಳದಿಬ್ಬ, ಎಲ್ಲಕ್ಕೂ ಗಡಿ ಹಾಕಿ ರಾಷ್ಟ್ರೀಯ ಉದ್ಯಾನವೆಂದು ಕಾಯ್ದಿಟ್ಟಿದೆ. ಗಾದಿಲಿಂಗಪ್ಪ ಆ ಉದ್ಯಾನದಲ್ಲಿ ಕಾಲುದಾರಿಗಳಿಗೆ ಗುರುತು ಹಾಕುವ ಕೆಲಸ ಮಾಡುತ್ತಾನಂತೆ. ಒಂದು ದಿನ ಇದ್ದ ಕಡೆ ಇನ್ನೊಂದು ದಿನ ಇರುವುದಿಲ್ಲವಂತೆ. ಆದ್ದರಿಂದ ದಿನಕ್ಕೊಂದು ದಾರಿ ಹಿಡಿದು ಹುಡುಕಬೇಕು.

"ಎರಡನೇ ದಿನ ಕಾಡು," ಎಂದಳು ಮಹಾಂತಮ್ಮ, ದಾರವನ್ನು ದಾರಿಯ ಗೆರೆಯ ಮೇಲೆ ಬಳುಕಿಸಿ ಬಳುಕಿಸಿ ಅಳೆಯುತ್ತ. "ನೆಲ ಸಮ ಐತಿ. ಒಂಬತ್ತು ಮೈಲಿ ಆದರೂ ನಾಲ್ಕು ತಾಸಿನಾಗ ಮುಗೀತೈತಿ."

"ಕಾಡಹಂದಿ ಅದಾವ್ರಿ ಅಲ್ಲಿ," ಎಂದ ಜಂಬಪ್ಪ.

"ಇರಲಿ. ಮೂರನೇ ದಿನ ಗುಡ್ಡ. ಸಾವಿರದ ಏಳುನೂರಾ ಎಪ್ಪತ್ತೈದು ಅಡಿ. ಭಾವಾ, ನಮ್ಮ ಕೋಟಿ ಗುಡ್ಡದ ಎರಡು ಪಟ್ಟು. ಉತ್ತರದ ಮಗ್ಗಲಿಗೆ ಗಿಡಗಳ ನೆರಳೈತಿ, ದಕ್ಷಿಣಕ್ಕ ಬರೇ ಬಂಡಿಗಲ್ಲು. ನೆರಳಿನಾಗ ಹತ್ತಿ ಊರಿನ ಕಡೆ ಇಳಿಯೂದು. ನಾಲ್ಕನೇ ದಿನ ಕಡಲಂಚಿನ ಗವಿಗಳು."

"ನಾನು ಮೊದಲಿಂದಾ ಹೇಳಾಕ್ಹತ್ತೀನಿ," ಜಂಬಪ್ಪ ಧ್ವನಿ ತಗ್ಗಿಸಿದ. "ಅಮ್ಮಾರು ಬರೂದು ಬ್ಯಾಡ್ರಿ ಸಾಹುಕಾರ್ರ. ಆ ಗುಡ್ಡ ಹೆಣ್ಣುಮಕ್ಕಳ ಕೈಲಿ ಆಗೂದಲ್ಲ. ನಾವಿಬ್ರೂ ಹೋಗಿ ಕರಕೊಂಡು ಬರೂಣು."

"ನಿಮಗಿಂತ ಮೊದಲು ನಾನು ಮ್ಯಾಲೆ ಇರತೀನಿ, ನೋಡ್ರಿ ಬೇಕಾದ್ರ," ಎಂದು ಮಹಾಂತಮ್ಮ ನಕ್ಕಳು.

ಅಡುಗೆಮನೆಯಿಂದ ಮರಿಬಸಪ್ಪನ ಹೆಂಡತಿ ಗುರುಬಸಮ್ಮ ಕೂಗಿದಳು. "ಅಲ್ಲಿ ಮಂದಿ ಹಗಲೂ ರಾತ್ರಿ ಶ್ಯಾವಿಗಿನ ತಿಂತಾರಂತ! ನಾಲ್ಕು ದಿನಕ್ಕ ಎಂಬತ್ತು ಖಡಕ್ ರೊಟ್ಟಿ ಸಾಕೇನ? ಶೇಂಗಾ ಚಟ್ನಿ ಎರಡು ಡಬ್ಬಿ ಕಟ್ಟೀನಿ. ನಮ್ಮ ಗಾದಿಲಿಂಗನಿಗೆ ಬ್ಯಾರೆ ಒಂದು ಡಬ್ಬಿ. ಏಳ್ರಿ, ಊಟಕ್ಕ ಏಳ್ರಿ!"

ಗಂಡಸರಿಬ್ಬರೂ ಎದ್ದರು. ಮಹಾಂತಮ್ಮ ಏಳಲಿಲ್ಲ.

ಮರಳದಿಬ್ಬದ ತುದಿಯಲ್ಲಿ ಹಳೆಯ ಕಾವಲು ಗೋಪುರವೊಂದರ ಗುರುತಿತ್ತು. ಅದರ ಬುಡದಲ್ಲಿ ಕೆರೆಗೂ ಸಮುದ್ರಕ್ಕೂ ನಡುವೆ ಕೂದಲೆಳೆಯಷ್ಟು ಸಣ್ಣ ನೀಲಿ ಗೆರೆ. ಈವರೆಗೆ ಅದನ್ನು ಅವಳು ನಕಾಶೆಯ ಮಡಿಕೆ ಎಂದುಕೊಂಡಿದ್ದಳು.

ಹಡಗಿನ ಕಂಪನಿಯವರು ಮುಂಬೈಯಿಂದ ನಕಾಶೆಯ ಜೊತೆ ಕಳಿಸಿದ್ದ ಇಂಗ್ಲಿಷ್ ಪುಸ್ತಿಕೆಯನ್ನು ಅವಳು ತಿರುವಿ ಹಾಕಿದಳು. ಸಿಕ್ಕಿತು. ಅದು ಮಡಿಕೆಯಲ್ಲ, ಕಾಲುವೆ. ರೋಮನ್ನರ ಕಾಲದಲ್ಲೇ ಕಡಿದದ್ದು. ಅದರೊಳಗಿಂದ ಸಮುದ್ರ ಕೆರೆಗೆ ಬರುತ್ತದೆ, ಸಮುದ್ರದ ಮೀನು ಕೆರೆಯಲ್ಲಿ ಬೆಳೆಯುತ್ತವೆ.

ಹಾಗಾದರೆ ಆ ನೀರು ಉಪ್ಪು.

ಬೊಗಸೆಯಲ್ಲಿ ಎತ್ತಿ ಎಷ್ಟೋ ಸಲ ಕುಡಿದವನ ನಾಲಿಗೆಗೆ ಅದು ಕಲ್ಲುಸಕ್ಕರೆಯಾಗಿದ್ದು ಹೇಗೆ?

ಬಡಾಯಿ ಇರಬಹುದು ಎಂದುಕೊಂಡಳು. ಯುದ್ಧಕ್ಕೆ ಹೋಗಿಬಂದವರು ಬಡಾಯಿ ಕೊಚ್ಚುವುದು ಹೊಸದೇನಲ್ಲ. ಆ ಹೆಸರನ್ನು ಅವಳು ಇಂಗ್ಲಿಷಿನಲ್ಲಿ ಓದಿ 'ಸರ್ಸಿಯೊ' ಎಂದಾಗ, 'ಚಿರ್ಚೆಯೊ ಅನ್ರಿ' ಎಂದು ತಿದ್ದಿದವನೇ ಇವನು. ಅಲ್ಲಿ ಇರದವನಿಗೆ ಅದು ಹೇಗೆ ಗೊತ್ತಾಗುತ್ತದೆ?

ಆಗ ಅವಳ ಕಣ್ಣಿಗೆ ಆ ಹಾಳೆ ಬಿತ್ತು.

ಜಂಬಪ್ಪ ಅಂಗಿಯ ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದ ದಾರಿಯ ಚಿತ್ರ ಅದು. 'ಮರೀಬಾರದಂತ ನಾನ ಬರಕೊಂಡದ್ದು' ಎಂದು ದೂರದಿಂದಲೇ ತೋರಿಸಿ ಮಡಚಿಟ್ಟುಕೊಳ್ಳುತ್ತಿದ್ದ. ಊಟದ ಗಡಿಬಿಡಿಯಲ್ಲಿ ಇವತ್ತು ಜಮಖಾನದ ಮೇಲೆಯೇ ಬಿಟ್ಟು ಹೋಗಿದ್ದ. ಕಂದು ಕಾಗದಕ್ಕೆ ಅಂಟಿಸಿದ ಒಂದು ಹಾಳೆ. ಗುಡ್ಡ, ಕೆರೆ, ಗೋಪುರ, ಚುಕ್ಕೆಚುಕ್ಕೆಯ ಕಾಲುದಾರಿ. ಸೊಗಸಾದ ಕೈ.

ಬಲಗಡೆ ಮೇಲಿನ ಮೂಲೆಯಲ್ಲಿ ಉತ್ತರ ದಿಕ್ಕಿನ ಗುರುತು. ಅಲ್ಲಿ ಬಾಣ ಇರಲಿಲ್ಲ. ಒಂದು ಜೋಳದ ತೆನೆ ಇತ್ತು.

ಮಹಾಂತಮ್ಮ ಹಾಳೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು.

ಮದುವೆಯಾದ ಹೊಸದರಲ್ಲಿ ಗಾದಿಲಿಂಗಪ್ಪ ಬಳ್ಳಾರಿಯ ಸರ್ವೆ ಕಚೇರಿಯಲ್ಲಿ ನಕಾಶೆ ಬರೆಯುತ್ತಿದ್ದ. ಮನೆಗೆ ತಂದ ಹಾಳೆಗಳಲ್ಲಿ ಬಾಣದ ಬದಲು ತೆನೆ ಬರೆಯುವುದು ಅವನ ತಮಾಷೆ. "ನಮ್ಮ ಸೀಮಿಗೆ ಬಾಣ ಯಾಕ ಬೇಕ? ಜ್ವಾಳದ ತೆನಿ ಸಾಕು," ಎನ್ನುತ್ತಿದ್ದ. ಒಮ್ಮೆ ಮರೆತು ಕಚೇರಿಯ ನಕಾಶೆಗೇ ಬರೆದು ಸಾಹೇಬರ ಹತ್ತಿರ ಬೈಸಿಕೊಂಡು ಬಂದಿದ್ದ. ಆ ತೆನೆಯ ಎಡಕ್ಕೆ ಬಾಗುವ ಒಂದು ಗರಿ, ಅದೂ ಇಲ್ಲಿತ್ತು.

ಇದು ಜಂಬಪ್ಪ ಬರೆದದ್ದಲ್ಲ. ಅವರು ಬರೆದದ್ದು!

ಕೂಗಿಬಿಡಬೇಕು ಎನಿಸಿತು. ಸೆರಗನ್ನು ಬಾಯಿಗೆ ಒತ್ತಿಕೊಂಡು ಕಿಟಕಿಯ ಹತ್ತಿರ ಓಡಿದಳು. ಯಾವಾಗ ಬರೆದದ್ದು? ಮಸಿ ಇನ್ನೂ ಕಪ್ಪಗೆ ಹೊಳೆಯುತ್ತಿದೆಯಲ್ಲ! ಕಂದು ಕಾಗದ ಒಂದು ಮೂಲೆಯಲ್ಲಿ ಸ್ವಲ್ಪ ಬಿಟ್ಟುಕೊಂಡಿತ್ತು. ಉಗುರಿನಿಂದ ಮೆಲ್ಲಗೆ ಎಬ್ಬಿಸಿದಳು. ಹಾಳೆಯ ಬೆನ್ನ ಮೇಲೆ ತೆಲುಗು ಅಚ್ಚಕ್ಷರ ಕಂಡವು. ಅದು ಕ್ಯಾಲೆಂಡರಿನಿಂದ ಹರಿದ ಹಾಳೆ. ಯಾವುದೋ ಬಟ್ಟೆಯಂಗಡಿಯದು.

ಎಮ್ಮಿಗನೂರು. ಡಿಸೆಂಬರು, ೧೯೫೫.

ಈಗ ೫೬ರ ಫೆಬ್ರವರಿ. ಎರಡು ತಿಂಗಳ ಹಿಂದಿನ ಹಾಳೆ. ಎಮ್ಮಿಗನೂರು ಇಲ್ಲಿಂದ ಹದಿನೆಂಟು ಮೈಲಿ. ಬಸ್ಸು ಹತ್ತಿದರೆ ಒಂದು ತಾಸಿನ ದಾರಿ.

ಗೋಡೆಗೆ ಒರಗಿ ನಿಂತಳು. ಒಳಗೆ ಭಾವ ಜೋರಾಗಿ ನಗುತ್ತಿದ್ದ. ಅವನಿಗೆ ಹೇಳಲೇ? ಬೇಡ. ಇದು ಸುಳ್ಳಾದರೆ ಆ ಮನುಷ್ಯ ಕುಸಿದುಹೋಗುತ್ತಾನೆ. ಮೊದಲು ಜಂಬಪ್ಪನ ಬಾಯಿ ಬಿಡಿಸಬೇಕು. ಮನೆಯಲ್ಲಲ್ಲ. ಬಾಗಿಲು ತೆಗೆದುಕೊಂಡು ನಡೆದುಬಿಡಲು ಆಗದ ಜಾಗದಲ್ಲಿ.

ಅಂಟನ್ನು ಒತ್ತಿ, ಹಾಳೆಯನ್ನು ಇದ್ದಲ್ಲೇ ಇಟ್ಟು ಊಟಕ್ಕೆ ಹೋದಳು. ಏನು ತಿಂದಳೆಂದು ಅವಳಿಗೆ ಗೊತ್ತಾಗಲಿಲ್ಲ.

ಮರುದಿನ ಬೆಳಗ್ಗೆ ಎಂದಿನಂತೆ ಮೂವರೂ ಕೋಟೆಯ ಗುಡ್ಡ ಹತ್ತಲು ಹೊರಟರು. ಇಟಲಿಯ ಗುಡ್ಡಕ್ಕೆ ಕಾಲು ಹದವಾಗಲಿ ಎಂದು ಎರಡು ವಾರದಿಂದ ಮಹಾಂತಮ್ಮನೇ ಹಾಕಿದ ಕಟ್ಟಳೆ ಅದು. ಬಳ್ಳಾರಿಯಿಂದ ತರಿಸಿದ ಕ್ಯಾನ್ವಾಸ್ ಬೂಟು ಹಾಕಿ, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ನಡೆಯುವ ಟೀಚರಮ್ಮನನ್ನು ನೋಡಲು ಮೊದಮೊದಲು ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಬರುತ್ತಿದ್ದರು. ಈಗ ಅವರಿಗೂ ರೂಢಿಯಾಗಿತ್ತು.

"ಎಷ್ಟನೇ ದಿನದ ಗುಡ್ಡ ರೀ ಟೀಚರಮ್ಮಾ ಇವತ್ತು?" ಎಂದು ಒಬ್ಬಳು ಕೂಗಿದಳು.

"ಇಟಲಿದು, ಮೂರನೇ ದಿನದ್ದು!" ಎಂದು ಮಹಾಂತಮ್ಮ ಕೂಗಿ ಹೇಳಿದಳು.

ಇವತ್ತು ಅವಳ ಕಾಲಿಗೆ ರೆಕ್ಕೆ ಬಂದಂತಿತ್ತು. ಬಂಡೆಯಿಂದ ಬಂಡೆಗೆ ಹೆಜ್ಜೆ ಹಾಕುತ್ತ ಸರಸರ ಏರಿದಳು. ಅವಳ ಹಿಂದೆ ಬರಲು ಜಂಬಪ್ಪ ಏದುಸಿರು ಬಿಡುತ್ತಿದ್ದ. ಅರ್ಧ ದಾರಿಯಲ್ಲೇ ಮರಿಬಸಪ್ಪ ಸೊಂಟದ ಮೇಲೆ ಕೈಯಿಟ್ಟು ನಿಂತುಬಿಟ್ಟ.

"ನೀವು ನಡೀರಿ! ನಾನು ಮೆಲ್ಲಕ ಬರತೀನಿ!"

ಅವಳಿಗೆ ಬೇಕಾದದ್ದೂ ಅದೇ.

ತುದಿಯಲ್ಲಿ ಕೋಟೆಯ ಮುರಿದ ಗೋಡೆ. ಕೆಳಗೆ ಎಳೆಬಿಸಿಲಿನಲ್ಲಿ ಊರು, ಜಿನ್ನುಗಳ ಚಿಮಣಿ, ಹತ್ತಿಯ ಅಂಡಿಗೆ ಹೇರಿಕೊಂಡು ಸಾಲುಗಟ್ಟಿದ ಬಂಡಿಗಳು, ರೈಲು ಹಳಿಯ ಹೊಳಪು. ಜಂಬಪ್ಪ ದೊಪ್ಪನೆ ಒಂದು ಬಂಡೆಯ ಮೇಲೆ ಕುಳಿತ.

"ಮಿಲಿಟರಿ ಕಾಲು ಸೋತುವೇನ್ರಿ?" ಮಹಾಂತಮ್ಮ ಹೆಗಲಿನ ನೀರಿನ ಬಾಟಲಿ ತೆಗೆದು ಕೊಟ್ಟಳು. "ಕುಡೀರಿ."

ಅವನು ಬಾಟಲಿ ಎತ್ತಿ ಗಟಗಟ ಎರಡು ಗುಟುಕು ಸುರಿದುಕೊಂಡ. ಮೂರನೆಯದನ್ನು ಥೂ ಎಂದು ಉಗುಳಿದ.

"ಏನ್ರಿ ಅಮ್ಮಾರ ಇದು! ಬರೇ ಉಪ್ಪು!"

"ಪಾವೊಲಾ ಕೆರಿ ನೀರು," ಎಂದಳು ಮಹಾಂತಮ್ಮ. "ಕಲ್ಲುಸಕ್ರಿ ಕಲಸಿದಂಗ ಇಲ್ಲೇನು?"

ಜಂಬಪ್ಪನ ಗದ್ದದಿಂದ ನೀರು ತೊಟ್ಟಿಕ್ಕುತ್ತಿತ್ತು. ಒರೆಸಿಕೊಳ್ಳಲೂ ಅವನಿಗೆ ನೆನಪಾಗಲಿಲ್ಲ.

"ಆ ಕೆರಿಗೆ ಸಮುದ್ರದಿಂದ ಕಾಲುವಿ ಐತಿ. ಬೊಗಸಿಲೆ ಕುಡಿದಾವನಿಗೆ ಗೊತ್ತಿರತಿತ್ತು. ನೀನು ಇಟಲಿ ನೋಡಿಲ್ಲ, ಜಂಬಪ್ಪ."

ಇಪ್ಪತ್ತೆರಡು ದಿನದಿಂದ 'ಹವಾಲ್ದಾರ್ರ' ಎನ್ನುತ್ತಿದ್ದ ಬಾಯಲ್ಲಿ 'ನೀನು' ಎಂದು ಬಂದದ್ದೇ ಅವನು ಎದ್ದು ನಿಂತ. ಕೆಳಗಿನ ದಾರಿ ನೋಡಿದ. ಎರಡು ತಿರುವಿನ ಕೆಳಗೆ ಮರಿಬಸಪ್ಪನ ರುಮಾಲು ಮೆಲ್ಲಗೆ ಮೇಲೇರುತ್ತಿತ್ತು.

"ಓಡಿದ್ರ ಭಾವನ ಕೈಗೆ ಬೀಳತಿ," ಎಂದಳು. "ನಿಂತು ಹೇಳು. ಮಿಲಿಟರಿಯಾಗ ಇದ್ದದ್ದಾದ್ರೂ ಖರೆ ಐತೇನು?"

"ಖರೆ ಐತ್ರಿ. ದೇವರ ಆಣಿ." ಅವನ ದನಿ ಕುಗ್ಗಿತ್ತು. "ಜಬಲ್ಪುರದ ಗೋದಾಮಿನಾಗ ಇದ್ದೆ. ಬೂಟು ಎಣಿಸಿ ಕೊಡೂ ಕೆಲಸ. ಹಡಗು ಕಣ್ಣಿಲೆ ನೋಡಿಲ್ಲ."

"ಚಿರ್ಚೆಯೊ ಅನ್ನಾಕ ಯಾರು ಕಲಿಸಿದ್ರು?"

ಅವನು ಬಾಟಲಿಯ ಮುಚ್ಚಳ ತಿರುಗಿಸಿದ.

"ಆ ಜ್ವಾಳದ ತೆನಿ ಯಾರು ಬರದ್ರು?"

ಮುಚ್ಚಳ ಮತ್ತೆ ಬಿಚ್ಚಿದ.

"ಎಮ್ಮಿಗನೂರಿನಾಗ ಎಲ್ಲದಾರ ಅವರು?"

ಜಂಬಪ್ಪ ಮತ್ತೆ ಬಂಡೆಯ ಮೇಲೆ ಕುಸಿದ. "ಓರಿ ದೇವುಡಾ... ನಿಮಗ ಹೆಂಗ ಗೊತ್ತಾತ್ರಿ ಅದು?"

ಅಷ್ಟು ಸಾಕಾಗಿತ್ತು. ಮಹಾಂತಮ್ಮನಿಗೆ ಕೆಳಗಿನ ಊರು, ಹಳಿ, ಚಿಮಣಿ ಎಲ್ಲ ಒಂದಕ್ಕೊಂದು ಕಲಸಿಹೋದವು. ನಗು ಬಂತು, ಜೊತೆಗೇ ಅಳು ಬಂತು. ಕೋಟೆಯ ಗೋಡೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಬದುಕಿದ್ದಾರೆ! ಹಡಗು ಬೇಡ, ಸಮುದ್ರ ಬೇಡ. ಹದಿನೆಂಟು ಮೈಲಿ!

"ಆರಾಮ ಅದಾರೇನು?"

"ಅದಾರ್ರಿ. ಎಡಗಾಲು ಸ್ವಲ್ಪ ಎಳೀತಾರ. ಸೀರಿ ಅಂಚಿಗೆ ಚಿತ್ರ ಬರದುಕೊಡ್ತಾರ, ನೇಕಾರರ ಓಣ್ಯಾಗ. ನಾನು ಪಕ್ಕದ ಮನಿಯಾವ. ಅಲ್ಲಿ ಅವರನ್ನ ಯಾರೂ ಗಾದಿಲಿಂಗಪ್ಪ ಅನ್ನೂದಿಲ್ಲ, ಬ್ಯಾರೆ ಹೆಸರು ಹೇಳ್ಯಾರ. ಆ ಗುಡ್ಡ, ಆ ಮರಳದಿಬ್ಬ, ಗವಿ, ಎಲ್ಲಾ ಅವರ ನನಗ ಬಾಯಿಪಾಠ ಮಾಡಿಸಿದ್ರು. ಕೆರಿ ನೀರಿಂದೊಂದು ಹೇಳಿರಲಿಲ್ಲ. ಕೆರಿ ಅಂದಮ್ಯಾಲೆ ಸಿಹಿ ಇರತೈತಂತ ನಾನ ಹಾಕಿದೆ."

"ಯಾಕ? ಈ ನಾಟಕ ಯಾಕ?"

"ಸಾಹುಕಾರ್ರನ್ನ ಊರು ಬಿಡಿಸಾಕ್ರಿ. ಅವರು ಇಟಲಿ ತಿರುಗಿ ಬರಾಕ ಎರಡು ತಿಂಗಳು ಹಿಡೀತಿತ್ತು. ಅಷ್ಟರಾಗ ನಿಮ್ಮ ಯಜಮಾನ್ರು ಆದವಾನಿಗೆ ಬಂದು ನಿಮ್ಮನ್ನ ಕಾಣಬೇಕಂತಿದ್ರು. ಅದಕ್ಕ ನಾನು ನಿಮಗ ಬರಬ್ಯಾಡ್ರಿ, ಬರಬ್ಯಾಡ್ರಿ ಅಂತ ಬಡಕೊಂಡದ್ದು. ನೀವು ನೋಡಿದ್ರ ಎಲ್ಲರಕಿಂತ ಮುಂದ ಬೂಟು ಹಾಕಿ ನಿಂತ್ರಿ."

"ಭಾವಗ ಯಾಕ ಹೆದರಬೇಕು ಅವರು? ಆ ಮನುಷ್ಯ ತಮ್ಮನ ಹೆಸರು ಹೇಳಿದ್ರ ಕಣ್ಣೀರು ಹಾಕ್ತಾನ! ನೆಟ್ಟಗ ಮನಿಗೆ ಬರೂದು ಬಿಟ್ಟು..."

"ಬಂದಿದ್ರು ಅಮ್ಮಾರ."

"ಏನಂದಿ?"

ರುಮಾಲು ಕೊನೆಯ ತಿರುವಿಗೆ ಬಂದಿತ್ತು. ಜಂಬಪ್ಪ ಗಡಬಡಿಸಿ ಪಿಸುಗುಟ್ಟಿದ.

"ನಲವತ್ತೇಳರಾಗ ನಿಮ್ಮ ಮನಿ ಬಾಗಲಿಗೇ ಬಂದಿದ್ರು. ನೀವು ಆವಾಗ ಬಳ್ಳಾರಿಯಾಗ ಟೀಚರ್ ಟ್ರೈನಿಂಗ್‌ನಾಗ ಇದ್ರಂತ. ಹಂಗ ತಿರುಗಿ ಹೋದ್ರು. ಅದರ ಮ್ಯಾಲೆ ಒಂದು ಮಾತೂ ಹೇಳೂದಿಲ್ಲ ನನಗ. ಬಾಗಲಾ ತೆಗದವರು ಯಾರು ಅಂತ ನಿಮ್ಮ ಭಾವನ್ನ ಕೇಳ್ರಿ."

"ಆತೇನು ನಿಮ್ಮ ಇಟಲಿ ಮಾತು?"

ಮರಿಬಸಪ್ಪ ಏದುತ್ತ, ನಗುತ್ತ ಮೇಲೆ ಬಂದ. ಬೆವರಿನಿಂದ ಅಂಗಿ ಮೈಗೆ ಅಂಟಿತ್ತು. ಮಗುವಿನಂತೆ ಸಂಭ್ರಮ ಅವನ ಮುಖದಲ್ಲಿ. ಜೇಬಿನಿಂದ ಉದ್ದನೆಯ ಲಕೋಟೆಯೊಂದನ್ನು ಎಳೆದು ಗಾಳಿಯಲ್ಲಿ ಆಡಿಸಿದ.

"ನಿನ್ನಿ ಸಂಜೀನ ಟಪಾಲಿಗೆ ಬಂದೈತವ್ವ. ಗುಡ್ಡದ ಮ್ಯಾಲೆ ನಿಂತು ನಿನ್ನ ಕೈಯಾಗ ಕೊಡಬೇಕಂತ ಮುಚ್ಚಿ ಇಟ್ಟಿದ್ದೆ. ನಿನ್ನ ಪಾಸ್‌ಪೋರ್ಟು! ಇನ್ನ ಒಂಬತ್ತು ದಿನಕ್ಕ ಹಡಗು. ಒಂಬತ್ತ ದಿನ!"

ಮಹಾಂತಮ್ಮ ಲಕೋಟೆ ತೆಗೆದುಕೊಳ್ಳಲಿಲ್ಲ.

ತಂತಿ ಬಂದ ದಿನ ತನ್ನನ್ನು ಮಗಳಂತೆ ಹಿಡಿದುಕೊಂಡವನು ಈ ಮನುಷ್ಯ. 'ನೀನು ಓದು' ಎಂದು ಬಳ್ಳಾರಿಗೆ ಕಳಿಸಿದವನೂ ಇವನೇ. ಜಂಬಪ್ಪ ಬಂದ ದಿನ, ಒಂದು ಪ್ರಶ್ನೆ ಕೇಳದೆ, ಒಂದು ಪುರಾವೆ ಬೇಡದೆ, 'ಹೌದು, ಅವ ಇಟಲಿಯಾಗ ಇದ್ದೇ ಇರತಾನ' ಎಂದಿದ್ದ. ಅಷ್ಟು ಬೇಗ ನಂಬಿದ್ದು ಯಾಕೆ ಎಂದು ಅವಳು ಇವತ್ತಿನವರೆಗೆ ಯೋಚಿಸಿಯೇ ಇರಲಿಲ್ಲ.

"ಭಾವಾ," ಎಂದಳು. "ನಲವತ್ತೇಳರಾಗ ಅವರು ಮನಿಗೆ ಬಂದಾಗ ಬಾಗಲಾ ತೆಗದವರು ಯಾರ್ರಿ?"

ಗಾಳಿಯಲ್ಲಿ ಆಡುತ್ತಿದ್ದ ಲಕೋಟೆ ನಿಂತಿತು.

ಮರಿಬಸಪ್ಪ ಜಂಬಪ್ಪನನ್ನು ನೋಡಿದ, ಮಹಾಂತಮ್ಮನನ್ನು ನೋಡಿದ. ರುಮಾಲು ತೆಗೆದು ಮಂಡಿಯ ಮೇಲೆ ಇಟ್ಟುಕೊಂಡು ಮುರಿದ ಗೋಡೆಯ ಬುಡದಲ್ಲಿ ಮೆಲ್ಲಗೆ ಕುಳಿತ. ಒಂದೇ ಗಳಿಗೆಯಲ್ಲಿ ಹತ್ತು ವರ್ಷ ಹೆಚ್ಚು ವಯಸ್ಸಾದವನಂತೆ ಕಂಡ.

"ನಾನ ತೆಗದೆನವ್ವ," ಎಂದ. "ಆದರ ಬಾಗಲಾಗ ಅವ ಒಬ್ಬಾವ ನಿಂತಿರಲಿಲ್ಲ. ಮಗ್ಗಲದಾಗ ಇಟಲಿಯ ಹೆಣ್ಣುಮಗಳೊಬ್ಬಾಕಿ ಇದ್ದಳು."